ತಿಳಿದರೆ ಹೂಂ ಅನ್ನಿ

ಅಜ್ಜಿಯ ಕಥೆಯೊಂದರಲ್ಲಿ ಹಾವಾಗಿದ್ದ ಗಂಡ ಪೊರೆ ಕಳಚಿಟ್ಟು ಮನುಷ್ಯನಾಗುತ್ತಿದ್ದ. ಹೆಂಡತಿ ಆತುರಗೇಡಿ, ಪೊರೆಯನ್ನು ಒಲೆಗೆ ಹಾಕಿದಳು. ಆಮೇಲೆ ಏನಾಯಿತು ಎಂದು ಕೇಳುವ ಮೊದಲೇ ನನಗೆ ನಿದ್ದೆ ಹತ್ತಿರುತ್ತಿತ್ತು.

ನನ್ನ ಗಂಡ ಟೈಲರ್, ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಮದುವೆಯಾದಾಗ ಅವರಿಗೆ ಮುಂದೊಗಲು ಬಿಗಿ, ಹಿಂದೆ ಸರಿಯುತ್ತಿರಲಿಲ್ಲ. ಕೂಡಿದಾಗಲೆಲ್ಲ ನೋವಿಗೆ ಹಲ್ಲು ಕಚ್ಚುತ್ತಿದ್ದರು. "ಹೇಗೋ ನಡೀತಿದೆಯಲ್ಲ" ಎನ್ನುತ್ತಿದ್ದವರನ್ನು ಕಾಡಿ ಬೇಡಿ ಅದನ್ನು ತೆಗೆಸುವ ಆಪರೇಷನ್ನಿಗೆ ಒಪ್ಪಿಸಿದವಳು ನಾನು. ನೋವು ಹೋಯಿತು. ವರ್ಷವಾದರೂ ಸುಖ ಮಾತ್ರ ಬರಲಿಲ್ಲ. ಈಗ ನಾನು ಮುಟ್ಟಿದರೆ ಅವರು ಗೋಡೆಯ ಕಡೆ ನೋಡುತ್ತಾರೆ.

ಕೊನೆಗೆ ದೊಡ್ಡ ಡಾಕ್ಟರ ಹತ್ತಿರ ಹೋದೆವು. ಅವರು ಹಾಳೆಯ ಮೇಲೆ ಚಿತ್ರ ಬಿಡಿಸಿದರು.

"ಮುಂದೊಗಲು ಒಂದೇ ಪದರ ಅಲ್ಲಮ್ಮ, ಒಳಕ್ಕೆ ಮಡಚಿರುತ್ತೆ. ಹೊರಗಡೆ ಮಾಮೂಲಿ ಚರ್ಮ, ಒಳಗಡೆ ತುಟಿಯ ಒಳಭಾಗದ ಹಾಗೆ ಮೆತ್ತಗೆ. ಸ್ಪರ್ಶದ ನರಗಳ ತುದಿ ಅದರಲ್ಲಿ ಜಾಸ್ತಿ."

"ಹಾಗಾದ್ರೆ ಕೋಟಿನ ಒಳಗಿನ ಲೈನಿಂಗ್ ಬಿಚ್ಚಿ ತೆಗೆದ್ರು ಅನ್ನಿ" ಎಂದರು ನಮ್ಮವರು.

ಡಾಕ್ಟರು ನಕ್ಕರು. "ತೆಗೆದ್ರೂ ಕೋಟು ಕೋಟೇ ಅಲ್ವೇನ್ರಿ?"

"ಕೋಟೇ ಸಾರ್. ತೊಟ್ಟವನಿಗೆ ಗೊತ್ತು."

"ಸುಖ ಕಮ್ಮಿ ಆಗತ್ತೆ ಅಂತ ಕೆಲವರು, ಏನೂ ವ್ಯತ್ಯಾಸ ಇಲ್ಲ ಅಂತ ಕೆಲವರು. ನಮ್ಮಲ್ಲೇ ಜಗಳ ಮುಗಿದಿಲ್ಲ. ಪರೀಕ್ಷೆ ಮಾಡಿಬಿಡೋಣ. ನರಕ್ಕೆ ಪೆಟ್ಟಾಗಿದ್ರೆ ಔಷಧ ನೋಡಬಹುದು."

ನನಗೆ ಅಷ್ಟೇ ಸಾಕಾಗಿತ್ತು. ಪೆಟ್ಟಾಗಿರಲಿ ಎಂದು ಬೇಡಿಕೊಂಡೆ.

ನಮ್ಮವರನ್ನು ಮಲಗಿಸಿ, ಎದೆಯ ಮೇಲೆ ಅಡ್ಡ ಪರದೆ ಎಳೆದರು. ನಾನು ಈಚೆ ಡಾಕ್ಟರ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ಡಾಕ್ಟರ ಕೈಯಲ್ಲಿ ಕೂದಲಿನಷ್ಟು ತೆಳುವಾದ ನೈಲಾನ್ ಎಳೆ.

"ಮುಟ್ಟಿದ್ದು ತಿಳಿದ್ರೆ ಹೂಂ ಅನ್ನಿ."

ಎಳೆ ತಾಗಿತು. ಹೂಂ. ಇನ್ನೂ ತೆಳುವಾದದ್ದು. ಹೂಂ. ಮುಟ್ಟದೆ ಸುಮ್ಮನೆ ಬಿಟ್ಟಾಗ ಮೌನ. ಒಂದೂ ತಪ್ಪಲಿಲ್ಲ.

"ಎಲ್ಲ ಸರಿಯಾಗಿದೆ" ಎಂದು ಡಾಕ್ಟರು ಕೈ ತೊಳೆದುಕೊಂಡರು. "ಔಷಧ ಕೊಡೋಕೆ ಕಾಯಿಲೆನೇ ಇಲ್ಲ."

ಬಸ್ ಸ್ಟಾಪಿಗೆ ಬಂದು ನಿಂತೆವು. ಚರ್ಮಕ್ಕೆ ನೈಲಾನ್ ಎಳೆ ತಿಳಿಯುತ್ತದೆ. ತಿಳಿಯದಿರುವುದು ನನ್ನ ಕೈ.

ನಮ್ಮವರು ನನ್ನ ಮುಖ ನೋಡಿದರು. "ಏನೇನೋ ಯೋಚನೆ ಮಾಡಬೇಡ ಕಣೇ. ನನಗೆ ಒಂದೂ ತಿಳೀಲಿಲ್ಲ."

"ಮತ್ತೆ ಹೂಂ ಅಂದಿರಿ?"

"ಡಾಕ್ಟರ ಕೋಟು ಗಂಜಿ ಹಾಕಿದ್ದು. ಕೈ ಮುಂದೆ ತಂದಾಗಲೆಲ್ಲ ತೋಳು ಸರಕ್ ಅನ್ನೋದು. ಸರಕ್ ಅಂದಾಗ ಹೂಂ ಅಂದೆ. ಟ್ರಯಲ್ ನೋಡುವಾಗ ಗಿರಾಕಿ ಸರಿಯಿಲ್ಲ ಅಂದ್ರೆ ನನಗೆ ಎಷ್ಟು ಬೇಜಾರಾಗತ್ತೆ. ಆ ಮನುಷ್ಯ ಅಷ್ಟು ನಿಗಾ ಇಟ್ಟು ಮಾಡ್ತಿದ್ರು. ಇಲ್ಲ ಅನ್ನೋಕೆ ಬಾಯೇ ಬರಲಿಲ್ಲ."

"ಒಳಗೆ ಹೋಗಿ ಹೇಳೋಣ ಬನ್ನಿ."

"ಬೇಡ ಮಾರಾಯ್ತಿ. ಹೋಗಿದ್ದು ಹೋಯ್ತು. ತಪ್ಪು ಚರ್ಮದ್ದು, ನಿಂದಲ್ಲ. ತಿಳ್ಕೋ."

ಸ್ಟೂಲಿನ ಮೇಲೆ ಕೂತಿದ್ದ ನಾನೂ ಟೈಲರನ ಹೆಂಡತಿ, ಬಟ್ಟೆ ಗಮನಿಸುವವಳು. ಡಾಕ್ಟರು ಕೈ ತೊಳೆಯುವ ತನಕ ತಮ್ಮ ಕೋಟನ್ನು ಗೋಡೆಯ ಮೊಳೆಯಿಂದ ತೆಗೆದಿರಲೇ ಇಲ್ಲ. ಪರೀಕ್ಷೆ ಮಾಡುವಾಗ ಡಾಕ್ಟರು ತೊಟ್ಟಿದ್ದು ಒಗೆದೊಗೆದು ಮೆತ್ತಗಾದ ಅರ್ಧ ತೋಳಿನ ಅಂಗಿ.

"ಹೂಂ" ಎಂದೆ. "ಆ ಸದ್ದು ನನಗೂ ಕೇಳಿಸ್ತು."

ನಮ್ಮವರ ಹೆಗಲು ಹಗುರಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟನ್ನು ನನಗೇ ಬಿಟ್ಟುಕೊಟ್ಟು, ನಡುವೆ ಚೀಲ ಇಟ್ಟುಕೊಂಡು ಕೂತರು.