ನಿಜಗುಣಪ್ಪನ ಹಿಂದೆ ಬರುವ ಗಾಡಿ

ನಿಜಗುಣಪ್ಪ ನಡೆಯುವಾಗಲೂ ಹಿಂದೆ ನೋಡುತ್ತಿದ್ದ. ಬೈಲಹೊಂಗಲದ ಪೇಟೆಗೆ ಕೈಚೀಲ ಹಿಡಿದು ಹೊರಟರೂ ಸರಿ, ಗುಡಿಯಲ್ಲಿ ಪ್ರದಕ್ಷಿಣೆಗೆ ತೊಡಗಿದರೂ ಸರಿ, ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಅವನ ಕುತ್ತಿಗೆ ತಾನಾಗಿ ಎಡಕ್ಕೆ ಹೊರಳುತ್ತಿತ್ತು, ಬೆನ್ನಿಗೆ ಕಟ್ಟಿಕೊಂಡು ಬಂದದ್ದು ಇನ್ನೂ ಇದೆಯೋ ಕಳಚಿತೋ ಎಂದು ಪರೀಕ್ಷಿಸುವವನ ಹಾಗೆ. ಅಲ್ಲಿ ಇರುತ್ತಿದ್ದವಳು ಹೆಂಡತಿ ಸಿದ್ದಲಿಂಗವ್ವ.

"ಬಂದೇನ?" ಎಂದು ಅವನು ಕೇಳುವುದು, "ಇನ್ನೆಲ್ಲಿ ಹೋಗ್ಲಿ? ಕೊಂಡಿ ಹಾಕೀರಲ್ಲ!" ಎಂದು ಅವಳು ರೇಗುವುದು ಓಣಿಗೆಲ್ಲ ಬಾಯಿಪಾಠವಾಗಿತ್ತು. ಅಂಗಿಯ ಎಡಗಿಸೆಯಲ್ಲಿ ಟ್ರೇಲರಿನ ಕೊಂಡಿಗೆ ಹಾಕುವ ಕಬ್ಬಿಣದ ಪಿನ್ನೊಂದು ಸದಾ ಇರುತ್ತಿತ್ತು. ಅದರ ಭಾರಕ್ಕೆ ಅವನ ಅಂಗಿಗಳೆಲ್ಲ ಒಂದೇ ಮಗ್ಗುಲಿಗೆ ಜೋತಿದ್ದವು. ಮದುವೆಮನೆಗೆಂದು ಹೊಲಿಸಿದ ರೇಶಿಮೆ ಅಂಗಿಯೂ ಅದಕ್ಕೆ ಹೊರತಲ್ಲ.

ಅವನ ಅಕ್ಕ ಸತ್ಯವ್ವ ಅವನನ್ನು ತೊಟ್ಟಿಲಲ್ಲಿದ್ದಾಗಿನಿಂದ ಬಲ್ಲವಳು. ಅವಳನ್ನು ರಾಮದುರ್ಗದ ನೇಕಾರರ ಮನೆಗೆ ಕೊಟ್ಟಿದ್ದರು; ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ನೆಲೆಸಿದ್ದಳು. ಅವಳಿಗೆ ನೆನಪಿದ್ದ ನಿಜಗುಣಿ ಹಿಂದೆ ನೋಡುವ ಹುಡುಗನಲ್ಲ. ಕಬ್ಬು ತುಂಬಿದ ಟ್ರೇಲರನ್ನು ಟ್ರ್ಯಾಕ್ಟರಿಗೆ ಸಿಗಿಸಿಕೊಂಡು, ಒಂದು ಕೈಯಲ್ಲಿ ಎಲೆಯಡಿಕೆ, ಇನ್ನೊಂದು ಕೈಯಲ್ಲಿ ಸ್ಟೇರಿಂಗು ಹಿಡಿದು, ಕತ್ತು ನೆಟ್ಟಗೆ ಇಟ್ಟುಕೊಂಡು ಸಂಗೊಳ್ಳಿಯಿಂದ ಸಕ್ಕರೆ ಕಾರ್ಖಾನೆಯ ತನಕ ಹೋಗಿ ಬರುತ್ತಿದ್ದ ನಿರ್ಭೀತ ಮನುಷ್ಯ.

ಈ ಚಾಳಿ ಅಂಟಿದ್ದು ಯರಗಟ್ಟಿಯ ಆಚೆಗಿನ ಏರಿನಲ್ಲಿ. ಆ ವರ್ಷ ಟ್ರ್ಯಾಕ್ಟರಿನ ಮಾಲಕ ಹೊಸದಾಗಿ ಆಳೆತ್ತರದ ಸ್ಪೀಕರುಗಳನ್ನು ಕೂರಿಸಿದ್ದ. ಹಾಡಿನ ಅಬ್ಬರಕ್ಕೆ ಹೊಲದ ಹಕ್ಕಿಗಳೆಲ್ಲ ಏಳುತ್ತಿದ್ದವು. ಏರು ಹತ್ತುವಾಗ ಪಿನ್ನು ಹಾರಿದ್ದು ಅವನಿಗೆ ಕೇಳಿಸಲಿಲ್ಲ. ಟ್ರ್ಯಾಕ್ಟರು ಹಗುರಾಗಿ ಮುಂದೆ ಜಿಗಿದಾಗಲೇ ಅವನಿಗೆ ಗೊತ್ತಾದದ್ದು. ಅಷ್ಟರಲ್ಲಿ ಟ್ರೇಲರು ಹಿಮ್ಮುಖವಾಗಿ ಉರುಳಿ, ಕಬ್ಬು ಕಡಿಯುವವರ ಗುಡಿಸಲ ಮುಂದಿನ ಒಲೆಯ ಮೇಲೆ ಮಗುಚಿ ಬಿದ್ದಿತ್ತು. ಆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಣ್ಣುಮಗಳು ನೀರಿಗೆಂದು ಆಗತಾನೇ ಎದ್ದು ಹೋಗಿದ್ದಳು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಬ್ಬಿನ ರಾಶಿಯ ಕೆಳಗಿನಿಂದ ಅವಳ ಹೆಂಚನ್ನು ಎಳೆದು ತೆಗೆದ ಕೈ ನಿಜಗುಣಪ್ಪನದೇ ಆಗಿತ್ತು, ಆ ಹೆಂಚು ಇನ್ನೂ ಬಿಸಿಯಾಗಿತ್ತು.

ಅಂದೇ ಟ್ರ್ಯಾಕ್ಟರು ಬಿಟ್ಟ. ಬಿಟ್ಟವನು ಸುಮ್ಮನೆ ಕೂರಲಿಲ್ಲ. "ಮಂದಿಗಾಗಿ ಎಳದದ್ದು ಆತು. ಇನ್ನ ನಮ್ಮ ಒಲಿ, ನಮ್ಮ ಹಾಸಿಗಿ ಎಳಕೊಂಡು ದೇಶಾ ನೋಡೂಣು" ಎಂದು ನಾಲ್ಕೂ ಗಾಲಿಗೆ ಎಂಜಿನ್ನಿನ ಬಲವಿರುವ ಹಳೆಯ ಜೀಪೊಂದನ್ನು ಕೊಂಡ. ವೆಲ್ಡಿಂಗ್ ಅಂಗಡಿಯ ಪರಶು ಅದಕ್ಕೊಂದು ಎರಡು ಗಾಲಿಯ ಟ್ರೇಲರು ಕಟ್ಟಿದ. ಮಗ್ಗುಲಿನ ಬಾಗಿಲು ಕೆಳಗೆ ಬಿಚ್ಚಿದರೆ ಅದೇ ಅಡಿಗೆಕಟ್ಟೆ. ಎಳೆದರೆ ಹೊರಬರುವ ಗ್ಯಾಸಿನ ಒಲೆ. ಗಾಲಿಯ ಅಚ್ಚಿನ ನೆತ್ತಿಗೆ ಸರಿಯಾಗಿ ನೀರಿನ ಟಾಕಿ. ಮೇಲೆ ಮಡಚಿಟ್ಟ ತಾಡಪತ್ರಿಯ ಗುಡಾರ. ಉಸುಕಿನಲ್ಲಿ ಗಾಲಿ ಹೂತರೆ ಕೆಳಗೆ ಹಾಸಲು ತೂತಿನ ತಗಡುಗಳು. ಸಿದ್ದಲಿಂಗವ್ವ ಕಟಕ ರೊಟ್ಟಿಯ ಡಬ್ಬಿಗೂ ಅದಕ್ಕೆ ನಂಜಿಕೊಳ್ಳುವ ಶೇಂಗಾ ಹಿಂಡಿಗೂ ಬೇರೆ ಬೇರೆ ಖಾನೆ ಮಾಡಿಸಿಕೊಂಡಳು. ಕೊಂಡಿಯ ಬಳಿ ಪಿನ್ನಿಗೆ ಬೀಗ, ಬೀಗದ ಮೇಲೆ ಸರಪಳಿ, ಜೀಪಿನ ಎರಡೂ ಕಡೆ ಅಗಲವಾದ ಕನ್ನಡಿ, ಸಾಲದ್ದಕ್ಕೆ ಕ್ಯಾಮೆರಾ. ಕೊನೆಗೆ ಕೊಂಡಿಯ ಕಣ್ಣಿಗೆ ದಪ್ಪ ರಬ್ಬರು ಬಡಿದು ಪರಶು ಎದೆ ತಟ್ಟಿಕೊಂಡಿದ್ದ: "ಕಾಕಾ, ಇನ್ನ ಕಟ್ ಅಂತ ಒಂದ ಸಪ್ಪಳ ಬಂದ್ರೂ ನನ್ನ ಅಂಗಡಿ ಬಾಗಲಾ ಹಾಕಸ್ರಿ."

ಇಷ್ಟಾದರೂ ಪ್ರಯಾಣ ಸಾಗಲಿಲ್ಲ. ಮೊದಲ ಸಲ ಸವದತ್ತಿಯಿಂದ ತಿರುಗಿ ಬಂದರು, ಎರಡನೆಯ ಸಲ ರಾಮದುರ್ಗದ ಅಂಚಿನಿಂದ. ಸ್ವಲ್ಪ ದೂರ ಹೋಗುವುದು, ನಿಲ್ಲಿಸುವುದು, ಇಳಿಯುವುದು, ಪಿನ್ನು ಮುಟ್ಟುವುದು, ಸರಪಳಿ ಜಗ್ಗುವುದು, ಮತ್ತೆ ಹತ್ತುವುದು. ಕ್ಯಾಮೆರಾದಲ್ಲಿ ಟ್ರೇಲರು ಕಾಣುತ್ತಿದ್ದರೂ "ಅದು ಆಗಿನ ಚಿತ್ರ ಇರಬೇಕು" ಎನ್ನುತ್ತಿದ್ದ. ಮನೆಗೆ ಮರಳುವ ಹೊತ್ತಿಗೆ ಅಂಗಿ ಬೆವರಿನಿಂದ ತೊಯ್ದಿರುತ್ತಿತ್ತು.

ಮೂರನೆಯ ಸಲ ಹೊರಡುವ ಮುನ್ನ ಸಿದ್ದಲಿಂಗವ್ವ ಕಟ್ಟುನಿಟ್ಟಾಗಿ ಹೇಳಿಬಿಟ್ಟಳು: "ಈ ಸಲ ಅರ್ಧಕ್ಕ ತಿರುಗಿದ್ರ ಕಿತ್ತೂರಿನ ಶಟ್ಟೆಪ್ಪಗ ಜೀಪು, ಟ್ರೇಲರ್ ಎರಡೂ ಕೊಡೂದು. ಗಿರಾಕಿ ಬಾಗಲದಾಗ ಕುಂತಾನ. ಆಮ್ಯಾಲ ನೀವು ಸ್ಟೇರಿಂಗ್ ಮುಟ್ಟಂಗಿಲ್ಲ. ನೀವು ಹೆದರೂದು ನೋಡಿ ನೋಡಿ ನನಗ ಎದಿ ಒಡದು ಹೋಗ್ತೈತ್ರಿ." ಅವನು ತಲೆಯಾಡಿಸಿದ. ಸ್ಟೇರಿಂಗ್ ಇಲ್ಲದ ಬಾಳು ಅವನಿಗೆ ಎಂಥದೆಂಬುದು ಸತ್ಯವ್ವನಿಗೆ ಗೊತ್ತಿತ್ತು. ಆ ಮನುಷ್ಯ ಕನಸಿನಲ್ಲಿಯೂ ಗೇರು ಬದಲಿಸುವವನು. ಅವಳೂ ಒಂದು ಕೈಚೀಲ ಹಿಡಿದು ಹಿಂದಿನ ಸೀಟಿಗೆ ಹತ್ತಿ ಕುಳಿತಳು.

ಸತ್ಯವ್ವ ಮಾತು ಕಡಿಮೆಯವಳು, ಕಣ್ಣು ಕಿವಿ ನೆಟ್ಟು ಕೂರುವವಳು. ಸವದತ್ತಿಯ ತನಕ ತಮ್ಮ ಎಲ್ಲೆಲ್ಲಿ ನಿಂತ ಎಂಬುದನ್ನು ಒಂದೊಂದಾಗಿ ಮನಸ್ಸಿನಲ್ಲಿ ಇಟ್ಟುಕೊಂಡಳು. ಅಲ್ಲಿಂದ ಮುಂದೆ ರಸ್ತೆ ಅಗೆದು ಹಾಕಿದ್ದರು. ಕಲ್ಲು, ಕುಣಿ, ಧೂಳು. ಟ್ರೇಲರಿನೊಳಗೆ ಪಾತ್ರೆ ಪಾತ್ರೆಗೆ ಬಡಿದು ಜಾತ್ರೆಯಂಥ ಗದ್ದಲ. ಇನ್ನು ಗಳಿಗೆಗೊಮ್ಮೆ ಇಳಿಯುತ್ತಾನೆಂದು ಅವಳು ಉಸಿರು ಹಿಡಿದು ಕೂತರೆ, ನಿಜಗುಣಪ್ಪ ಒಮ್ಮೆಯೂ ಬ್ರೇಕು ಒತ್ತಲಿಲ್ಲ. ಬದಲಿಗೆ ತನ್ನ ಮಾವ ಎಮ್ಮೆ ಕೊಂಡ ಕಥೆ ಹೇಳಿ ತಾನೇ ನಕ್ಕ. ರಾಮದುರ್ಗ ಹತ್ತಿರವಾಗುತ್ತಲೇ ಹೊಸ ಡಾಂಬರು ಬಂತು, ನೀರಿನ ಮೇಲೆ ತೇಲಿದ ಹಾಗೆ ಜೀಪು ಸಾಗಿತು. ಕಥೆ ನಡುವೆಯೇ ನಿಂತುಹೋಯಿತು. ಅವನ ಕಿವಿಯ ಹಿಂದೆ ಬೆವರು ಇಳಿಯತೊಡಗಿತು. ಮತ್ತೆ ನಿಲ್ಲುವುದು, ಮತ್ತೆ ಇಳಿಯುವುದು. ಕೊನೆಗೆ ಒಂದು ಬೇವಿನ ಗಿಡದ ನೆರಳಿಗೆ ಜೀಪು ಹೊರಳಿಸಿ ಎಂಜಿನ್ನು ಆರಿಸಿದ.

"ಅಕ್ಕಾ, ತಿರುಗಿಸ್ತೇನಿ. ನನ್ನ ಕಡಿಂದ ಆಗಂಗಿಲ್ಲ."

ಸಿದ್ದಲಿಂಗವ್ವ ಇಳಿದು ಹೊಲದ ಕಡೆ ಮುಖಮಾಡಿ ನಿಂತಳು. ಸತ್ಯವ್ವ ಸೀಟಿನಿಂದ ಮುಂದೆ ಬಾಗಿದಳು.

"ನಿಜಗುಣಿ, ಒಂದ ಹೇಳು. ಕೆಟ್ಟ ರಸ್ತೆದಾಗ ಒಮ್ಮೀನೂ ಇಳೀಲಿಲ್ಲ. ಛಲೋ ರಸ್ತೆ ಬಂತು, ಹೆದರಾಕತ್ತಿ. ಯಾಕ?"

ಅವನು ಹೆಬ್ಬೆರಳಿನಿಂದ ಹಿಂದಿನ ಟ್ರೇಲರನ್ನು ತೋರಿಸಿದ. "ಅಲ್ಲಿ... ಅದು ಮಾತಾಡಾಕತ್ತಿತ್ತಬೇ. ಇಲ್ಲಿ ಸುಮ್ಮನಾತು."

ಸತ್ಯವ್ವನಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ. ರಾಮದುರ್ಗದ ಆ ಮನೆಯಲ್ಲಿ ಅವಳು ಬದುಕಿದ್ದೇ ಗಂಡನ ಮಗ್ಗದ ಸಪ್ಪಳದ ಮೇಲೆ. ಒಲೆಯ ಮುಂದೆ ಕೂತರೂ ಕಿವಿ ಪಡಸಾಲೆಯಲ್ಲಿ. ಲಟಪಟ ನಿಂತಿತೆಂದರೆ ಎಳೆ ಹರಿದಿದೆಯೆಂದು ತಿಳಿದು ಏಳುತ್ತಿದ್ದಳು. ಕೊನೆಯ ಸಲ ಮಗ್ಗ ನಿಂತಾಗ ಎದ್ದು ಹೋಗಿ ನೋಡಿದರೆ ಎಳೆ ಹರಿದಿರಲಿಲ್ಲ.

"ಹಂಗಾರ ಅದಕ್ಕ ಬಾಯಿ ಕೊಡು," ಎಂದಳು.

ಅವನು ಇಳಿದ. ಬೀಗ ತೆಗೆದು, ಪಿನ್ನು ಎತ್ತಿ, ಕೊಂಡಿಯ ಕಣ್ಣಿನಿಂದ ಆ ದಪ್ಪ ರಬ್ಬರನ್ನು ಉಳಿಯಿಂದ ಮೀಟಿ ಹೊರತೆಗೆದ. ಮತ್ತೆ ಪಿನ್ನು, ಬೀಗ, ಸರಪಳಿ, ಎಲ್ಲವನ್ನೂ ಮೊದಲಿನಂತೆಯೇ ಬಿಗಿದ. ಸಿದ್ದಲಿಂಗವ್ವ ತಿರುಗಿ ನೋಡಿ ಬೆಚ್ಚಿದಳು.

"ಅಯ್ಯ, ಪರಶುನ ಅಂಗಡಿಗೆ ಅಡ್ಡಾಡಿ ಅಡ್ಡಾಡಿ ಹಾಕಿಸಿದ ರಬ್ಬರ ಅಲ್ರಿ ಅದು?"

"ಸಪ್ಪಳಕ್ಕ ನಿನಗ ತ್ರಾಸ ಆದೀತು ಅಂತ ಹಾಕಿಸಿದ್ನಿ."

"ನಾ ಯಾವಾಗ ಅಂದಿದ್ನಿ? ನಿಮ್ಮ ಗೊರಕಿಗೆ ತ್ರಾಸ ಪಡಲಾರದಾಕಿ ಈ ಕಬ್ಬಣಕ್ಕ ತ್ರಾಸ ಪಡತೇನೇನು? ನಡೀರಿ, ಹತ್ರಿ."

ಜೀಪು ಹೊರಟಿತು. ನುಣ್ಣನೆಯ ಡಾಂಬರಿನ ಮೇಲೆ ಕೊಂಡಿ ಪಿನ್ನಿಗೆ ತಾಕಿ ಕಟ್ ಕಟ್ ಎನ್ನತೊಡಗಿತು. ಮೂವರೂ ಅದನ್ನೇ ಕೇಳುತ್ತ ಕೂತರು. ರಾಮದುರ್ಗದ ಅಂಚು ಬಂತು. ಎರಡನೆಯ ಸಲ ತಿರುಗಿದ್ದ ಜಾಗದಲ್ಲಿ ಅವನ ಕಾಲು ಬ್ರೇಕಿನ ಮೇಲೆ ಹೋಯಿತು, ಅಲ್ಲೇ ಸ್ವಲ್ಪ ಹೊತ್ತು ಅನುಮಾನಿಸಿ ನಿಂತಿತು, ಮತ್ತೆ ಹಿಂದೆ ಸರಿಯಿತು. ಊರು ದಾಟಿದರು. ಎರೆಹೊಲದ ಹಾದಿ ಹಿಡಿದು ಮಲಪ್ರಭೆಯ ದಂಡೆಗೆ ಇಳಿದರು. ಉಸುಕಿನಲ್ಲಿ ತಗಡು ಹಾಸಿ, ಗುಡಾರ ಬಿಚ್ಚಿ, ಚಹಕ್ಕೆ ನೀರಿಟ್ಟ ಮೇಲೆಯೂ ನಿಜಗುಣಪ್ಪ ಒಮ್ಮೆ ಹೋಗಿ ಕೊಂಡಿ ಅಲುಗಿಸಿ ಬಂದ. "ನಾಳಿ ಬಾದಾಮಿ," ಎಂದ. ಹೇಳಿದ್ದು ಸಿದ್ದಲಿಂಗವ್ವನಿಗೋ ಕೊಂಡಿಗೋ ತಿಳಿಯಲಿಲ್ಲ.

ಬಾಳಿನುದ್ದಕ್ಕೂ ಒಂದಲ್ಲ ಒಂದು ಭಾರವನ್ನು ಎಳೆದವರು ಇರುವುದು ಹೀಗೆಯೇ. ಅವರನ್ನು ಪುಕ್ಕಲರೆನ್ನುವವರು ಉಂಟು. ಧೈರ್ಯ ಹೇಳಲು ಹೋಗಿ ಮುಂದೆ ನೋಡು ಎನ್ನುವವರೂ ಉಂಟು. ಮುಂದಿನ ದಾರಿಗೆ ಅವರು ಎಂದೂ ಅಂಜಿದವರಲ್ಲ, ಗುಡ್ಡಕ್ಕೂ ಅಲ್ಲ, ಉಸುಕಿಗೂ ಅಲ್ಲ. ತಮ್ಮದೆಂಬುದು ಸದ್ದಿಲ್ಲದೆ ಕಳಚಿಹೋಗಿ, ಅದು ತಿಳಿಯದೆ ತಾವು ಮುಂದೆ ಹೋಗುತ್ತಲೇ ಇದ್ದುಬಿಟ್ಟರೆ ಎಂಬ ಒಂದೇ ಅಂಜಿಕೆ ಅವರದು. ಅದಕ್ಕೆ ಬೀಗವಿಲ್ಲ, ಕನ್ನಡಿಯಿಲ್ಲ. ಅಂಥವರ ಸಂಗಡ ದೂರ ಹೋಗಬೇಕೆನ್ನುವವರು ಹಾದಿಯುದ್ದಕ್ಕೂ ಸ್ವಲ್ಪ ಸಪ್ಪಳ ಮಾಡುತ್ತಲೇ ಹೋಗಬೇಕು.