ಮಗ್ಗದ ಶೆಡ್ಡಿನ ಪಿಸುಮಾತು

"ಮೆಲ್ಲಗೆ ಮಾತಾಡ್ರಪ್ಪಾ, ಗೋಡೆಗೂ ಕಿವಿ ಇರುತ್ತೆ!" ಅಂತ ಸೈರನ್ ಅಣ್ಣ ಹೇಳಿದ್ದು ಹೆಂಗಿತ್ತು ಅಂದ್ರೆ, ಗೋಡೆಗೆ ನಿಜವಾಗ್ಲೂ ಕಿವಿ ಇದ್ದಿದ್ರೆ ಅವತ್ತೇ ಕಿವುಡಾಗಿ ಹೋಗಿರೋದು.

ಗಿರಣಿ ಆಸ್ಪತ್ರೆಯ ಗಂಡಸರ ವಾರ್ಡು ಅದು. ಕಿಟಕಿ ಪಕ್ಕದ ಮಂಚದಲ್ಲಿ ನೂಲಕ್ಕನ ಗಂಡ ಮಲಗಿದ್ದ, ಪಕ್ಕದಲ್ಲಿ ನೂಲಕ್ಕ ಕೂತಿದ್ಲು. ಸುತ್ತ ನಿವೃತ್ತರ ಸಂಘದ ಏಳೆಂಟು ಮುದಿ ತಲೆಗಳು, ರೋಗಿ ನೋಡೋಕೆ ಬಂದೋರ ಥರ ಕೈಯಲ್ಲಿ ಒಂದೊಂದು ಬಾಳೆಹಣ್ಣು ಹಿಡ್ಕೊಂಡು. ನೂಲಕ್ಕನೂ ಸೇರಿದ ಹಾಗೆ ಎಲ್ಲಾರೂ ಜೀವಮಾನವೆಲ್ಲ ಮಗ್ಗದ ಶೆಡ್ಡಿನಲ್ಲಿ ದುಡಿದೋರು. ಆ ಶೆಡ್ಡಿನ ಸದ್ದು ಸಾಮಾನ್ಯದ್ದಲ್ಲ. ತಲೆ ಮೇಲೆ ಸಿಡಿಲು ಹೊಡೆದ್ರೂ ಮಿಂಚು ಕಾಣ್ತಿತ್ತೇ ಹೊರತು ಗುಡುಗು ಕೇಳ್ತಿರಲಿಲ್ಲ. ಇವರೆಲ್ಲ ನಿವೃತ್ತರಾಗೋ ಎಷ್ಟೋ ಮುಂಚೆನೇ ಇವರ ಕಿವಿಗಳು ನಿವೃತ್ತಿ ತಗೊಂಡಿದ್ವು.

"ನಾಳೆ ಗಿರಣಿ ದೊಡ್ಡ ಸಾಹೇಬ ಆಸ್ಪತ್ರೆ ಹೊಸ ಕಟ್ಟಡ ನೋಡೋಕೆ ಬರ್ತಾನೆ," ಅಂತ ಸೈರನ್ ಅಣ್ಣ ಪಿಸುಗುಟ್ಟಿದ. ಕಿಟಕಿ ಮೇಲಿದ್ದ ಪಾರಿವಾಳ ಎದ್ದು ಹಾರಿಹೋಯ್ತು. "ಮೆಟ್ಟಿಲ ಮುಂದೆ, ಕಾರು ನಿಲ್ಲೋ ಜಾಗದಲ್ಲೇ ಕೂತ್ಬಿಡೋಣ. ಪಿಂಚಣಿ ಹೆಚ್ಚಿಸ್ತೀನಿ, ಔಷಧಿ ನಿಲ್ಲಿಸಲ್ಲ ಅಂತ ಅವನ ಬಾಯಲ್ಲಿ ಬರೋ ತನಕ ಏಳೋದು ಬೇಡ. ಯಾರಿಗೂ ಗೊತ್ತಾಗಬಾರ್ದು. ಗೊತ್ತಾದ್ರೆ ಗೇಟು ಹಾಕ್ತಾರೆ!"

ವಾರ್ಡಿನ ಆ ತುದಿಯಿಂದ ಕಾಲಿಗೆ ಪಟ್ಟಿ ಹಾಕಿಸ್ಕೊಂಡು ಮಲಗಿದ್ದೋನು ಕೇಳಿದ: "ಬೆಳಿಗ್ಗೆನೋ ಮಧ್ಯಾಹ್ನನೋ, ಅಣ್ಣಾ?"

ನೂಲಕ್ಕ ನಗಲಿಲ್ಲ. ಅವರಿಗೆ ಬರೋ ಪಿಂಚಣಿ ಅಂದ್ರೆ ಇರುವೆ ಮೂತಿಗೆ ಸಕ್ಕರೆ ಸವರಿದಷ್ಟು. ಇದ್ದದ್ದೊಂದು ಈ ಆಸ್ಪತ್ರೆ. ಅದೂ ಮುಂದಿನ ತಿಂಗಳಿಂದ ಹಳಬರಿಗೆ ಇಲ್ಲ ಅಂತ ಗಿರಣಿಯೋರು ಹೇಳಿಬಿಟ್ಟಿದ್ರು. ಗಂಡನ ಎದೆ ತುಂಬ ಹತ್ತಿ ಧೂಳು. ತೆಗೆದು ಹಿಂಜಿದ್ರೆ ಬೀದಿಗೆಲ್ಲ ಹಾಸಿಗೆ ಆಗ್ತಿತ್ತೇನೋ. ಗೋಡೆಯಿಂದ ಒಂದು ನಳಿಕೆ ಬಂದು ಅವನ ಮೂಗು ಬಾಯಿ ಮುಚ್ಚಿದ್ದ ಮುಖವಾಡಕ್ಕೆ ಸೇರ್ತಿತ್ತು. ಆ ನಳಿಕೆ ತುದಿಯಲ್ಲೇ ಅವನ ಜೀವ, ಅವನ ಜೊತೆಗೆ ಇವಳದ್ದೂ.

ಎಲ್ಲಾರೂ ಬಾಳೆಹಣ್ಣು ತಾವೇ ತಿಂದು ಎದ್ದು ಹೋದ ಮೇಲೆ ದೊಡ್ಡ ನರ್ಸಮ್ಮ ಬಂದ್ಲು. ಬೆಣ್ಣೆಯಲ್ಲಿ ಅದ್ದಿದ ಮಾತು ಅವಳದ್ದು.

"ಅಮ್ಮಾ, ನಾಳೆ ನೀವು ಯಜಮಾನ್ರ ಪಕ್ಕ ಬಿಟ್ಟು ಏಳಬೇಡಿ."

"ಯಾಕವ್ವ?" ಅಂತ ನೂಲಕ್ಕ ಅವಳ ತುಟಿ ನೋಡ್ತಾ ಕೇಳಿದ್ಲು.

"ಮೆಟ್ಟಿಲ ಹತ್ರ ಕೂರೋರ ಮನೆಯೋರಿಗೆ ಮಂಚ ಯಾಕೆ ಅಂತ ಮೇಲಿನೋರು ಕೇಳ್ತಾರೆ. ಆಗ ನನ್ನ ಕೈಲಿ ಏನೂ ಇರಲ್ಲ." ಹಾಗಂತ ಹೇಳ್ತಾ ಗೋಡೆಯ ನಳಿಕೆ ಸರಿಯಾಗಿದ್ಯಾ ಅಂತ ಒಂದ್ಸಲ ಮುಟ್ಟಿ ನೋಡಿದ್ಲು. ಬರೀ ಮುಟ್ಟಿದ್ಲು ಅಷ್ಟೆ.

ಮಾರನೇ ದಿನ ಬೆಳಿಗ್ಗೆ ಆಸ್ಪತ್ರೆ ಗೇಟಿಗೆ ಕುಂಬಳಕಾಯಿ ಗಾತ್ರದ ಬೀಗ. ರೋಗಿ ಕಡೆಯ ಪಾಸು ಇದ್ದೋರಿಗೆ ಮಾತ್ರ ಪಕ್ಕದ ಕಿರುಬಾಗಿಲಲ್ಲಿ ಒಳಗೆ ದಾರಿ. ಸಂಘದೋರೆಲ್ಲ ಗೇಟಿನ ಸರಳು ಹಿಡ್ಕೊಂಡು ಹೊರಗೆ ನಿಂತಿದ್ರು. ಪಾಸಿದ್ದೋಳು ನೂಲಕ್ಕ ಒಬ್ಬಳೇ. ಕಾವಲುಗಾರ ಅವಳನ್ನ ಬಿಟ್ಟ. ಅವಳು ಒಳಗೆ ಹೋಗಿ ತಿರುಗಿ ನೋಡಿದ್ಲು.

ಸೈರನ್ ಅಣ್ಣ ಆಗ ಬಾಯಿ ಆಡಿಸಿದ. ಸದ್ದೇ ಇಲ್ಲ. ಶೆಡ್ಡಿನ ಭಾಷೆ ಅದು. ಮಗ್ಗಗಳ ಅಬ್ಬರದಲ್ಲಿ ಕೂಗಿ ಏನು ಪ್ರಯೋಜನ? ತುಟಿ ನೋಡಿ, ಕೈ ನೋಡಿ ಇಡೀ ಶೆಡ್ಡು ಮಾತಾಡ್ತಿತ್ತು. ಹಿಂಗೇ ಮಾತಾಡಿ ಎಷ್ಟೋ ಮದುವೆ ಕುದುರಿದ್ವು, ಎಷ್ಟೋ ಮುರಿದಿದ್ವು.

"ಒಳಗಿರೋಳು ನೀನೊಬ್ಬಳೇ ತಂಗೀ," ಅಂತು ಅವನ ತುಟಿ. "ಆಗಲ್ಲ ಅಂದ್ರೆ ಬೇಡ. ಯಾರೂ ಏನೂ ಅನ್ನಲ್ಲ."

"ನಿನ್ನೆ ವಾರ್ಡಿನಲ್ಲೂ ಹಿಂಗೇ ಸದ್ದಿಲ್ಲದೆ ಹೇಳಿದ್ರೆ ಏನಾಗ್ತಿತ್ತಣ್ಣಾ? ಸತ್ತೋರೂ ಎದ್ದು ಕೂರೋ ಹಾಗೆ ಕೂಗಿದ್ಯಲ್ಲ!" ಅಂತು ಇವಳ ತುಟಿ.

ಅಣ್ಣ ಹಣೆ ಚಚ್ಚಿಕೊಂಡ. "ಗಲಾಟೆ ಇದ್ದಾಗ ತಾನೇ ಹಿಂಗೆ ಮಾತಾಡೋದು? ವಾರ್ಡಿನಲ್ಲಿ ಗಲಾಟೆನೇ ಇರಲಿಲ್ಲ. ಹೊಳೀಲಿಲ್ಲ ಕಣಮ್ಮಾ."

ನೂಲಕ್ಕ ವಾರ್ಡಿಗೆ ಹೋಗಿ ಗಂಡನ ಪಕ್ಕದ ಸ್ಟೂಲಿನ ಮೇಲೆ ಕೂತ್ಲು. ಸೆರಗಿನ ತುದಿ ತಿರುವಿ ತಿರುವಿ ಹಗ್ಗ ಮಾಡಿದ್ಲು. ಯಾರು ಬಾಗಿಲು ತಳ್ಳಿದ್ರೂ ತಲೆ ಎತ್ತಿ ನೋಡೋಳು. ನರ್ಸಮ್ಮ ದೂರದಿಂದ ನೋಡಿ, ಜಾಣೆ ಅನ್ನೋ ಥರ ತಲೆ ಆಡಿಸಿದ್ಲು.

ಗಂಡ ಇವಳನ್ನೇ ನೋಡ್ತಿದ್ದ. ಮುಖವಾಡದೊಳಗೆ ಅವನ ತುಟಿ ಆಡ್ತು.

"ಏನಂತೆ?"

"ಏನಿಲ್ಲ. ನೀವು ಮಲಗಿ."

"ಎದುರು ಮಗ್ಗದಲ್ಲಿ ನಿಂತು ನಿನ್ನ ಮುಖ ನೋಡಿದೋನು ನಾನು. ಎಳೆ ಹರಿದಾಗ ನಿನ್ನ ಮೂಗು ಹೆಂಗಾಗುತ್ತೆ ಗೊತ್ತು. ಹೇಳು."

ಹೇಳಿದ್ಲು. ಬೀಗ, ನರ್ಸಮ್ಮನ ಮಾತು, ನಳಿಕೆ ಮುಟ್ಟಿದ್ದು, ಎಲ್ಲಾನೂ ಸದ್ದಿಲ್ಲದೆ ಹೇಳಿದ್ಲು. ಎರಡು ಹೆಜ್ಜೆ ದೂರದಲ್ಲಿ ನೆಲ ಒರೆಸ್ತಿದ್ದೋಳಿಗೂ ಗೊತ್ತಾಗಲಿಲ್ಲ.

ಅವನು ಸ್ವಲ್ಪ ಹೊತ್ತು ಉಸಿರು ಕೂಡಿಸ್ಕೊಂಡ. "ಹೋಗು," ಅಂದ.

"ಅವರು ಇದನ್ನ ಕಿತ್ತುಬಿಟ್ರೆ?"

"ಕೂರದಿದ್ರೆ ಮುಂದಿನ ತಿಂಗಳು ಕೀಳ್ತಾರೆ. ಇಡೀ ಶೆಡ್ಡಿನೋರದ್ದು ಕೀಳ್ತಾರೆ."

"ನಂಗೆ ಭಯ ಆಗುತ್ತೆ ರೀ."

"ನಂಗೇನು ಹಬ್ಬ ಅಂದ್ಕೊಂಡ್ಯಾ?" ಮುಖವಾಡ ಪೂರ್ತಿ ಮಂಜಾಗಿ ತುಟಿ ಮರೆಯಾಯ್ತು. ಆಮೇಲೆ ಮೆಲ್ಲಗೆ ತಿಳಿಯಾಯ್ತು. "ಕಿಟಕಿ ಕಡೆಗೇ ಮುಖ ಮಾಡಿ ಕೂತ್ಕೋ. ನಿಂಗೆ ಅಲ್ಲಿಂದ ನಾನು ಕಾಣ್ತೀನಿ."

ಅವನ ತಲೆದಿಂಬನ್ನ ಎತ್ತರ ಮಾಡಿ, ಮುಖ ಗಾಜಿನ ಕಡೆ ತಿರುಗಿಸಿ, ಅವಳು ಎದ್ದಳು. ನರ್ಸಮ್ಮನ ಮುಂದೆನೇ ಹಾದು ಹೋಗ್ಬೇಕಿತ್ತು. ಆ ವರಾಂಡ ಅವತ್ತು ಭೂಮಿ ಸುತ್ತಿ ಬಂದಷ್ಟು ಉದ್ದ ಆಗಿತ್ತು.

"ಎಲ್ಲಿಗೆ ಅಮ್ಮಾ?"

ನೂಲಕ್ಕ ಕಿವಿ ಮುಟ್ಟಿ ತೋರಿಸಿ, ಕೇಳಿಸಲ್ಲ ಅಂತ ಕೈ ಆಡಿಸಿ, ಹಾಗೇ ನಡೆದ್ಲು.

ಮೆಟ್ಟಿಲು ಇಳಿದು, ಕಾರು ಬಂದು ನಿಲ್ಲೋ ಜಾಗದ ಮಧ್ಯೆ ಕೂತ್ಲು. ಧರಣಿ ಕೂರೋರೆಲ್ಲ ಬರೋ ಸಾಹೇಬನ ಕಡೆ ಮುಖ ಮಾಡ್ತಾರೆ. ಇವಳು ಬೆನ್ನು ಹಾಕಿ, ಮೆಟ್ಟಿಲ ಪಕ್ಕದಲ್ಲಿದ್ದ ಗಂಡನ ಕಿಟಕಿಗೆ ಮುಖ ಮಾಡಿದ್ಲು. ಬಿಸಿಲಿಗೆ ಕಲ್ಲು ಕಾದು ಕೆಂಡ ಆಗಿತ್ತು, ಆದ್ರೂ ಅವಳ ಕೈಕಾಲು ಮಾತ್ರ ಹಿಮದ ಗಡ್ಡೆ.

ದೊಡ್ಡ ಗೇಟಿನ ಬೀಗ ತೆಗೆದು ಕಾರನ್ನ ಒಳಗೆ ಬಿಟ್ರು. ಅದರ ಹಿಂದೆನೇ ಸಂಘದೋರು ನುಗ್ಗಿದ್ರೋ, ಕಾವಲುಗಾರ ತಡೆದನೋ, ಅವಳು ತಿರುಗಿ ನೋಡಲಿಲ್ಲ. ಕಾರಿನ ಬಿಸಿ ಬೆನ್ನಿಗೆ ತಾಕ್ತು. ಹಾರ್ನು ಹೊಡೀತಾನೇ ಇರಬೇಕು, ಕಲ್ಲಿನ ಮೂಲಕ ಸಣ್ಣಗೆ ನಡುಕ ಬರ್ತಿತ್ತು.

ಗಾಜಿನಾಚೆ ಬಿಳೀ ಉಡುಪು ಬಂದು ಗಂಡನ ಮಂಚದ ಪಕ್ಕ ನಿಂತಿತು. ಒಂದು ಕೈ ಗೋಡೆಯ ನಳಿಕೆ ಕಡೆಗೆ ಮೇಲೆದ್ದು, ಅಲ್ಲೇ ನಿಂತಿತು.

ನೂಲಕ್ಕ ಕಣ್ಣು ಮಿಟುಕಿಸಲಿಲ್ಲ. ಗಂಡನ ಉಸಿರಿಗೆ ಮುಖವಾಡ ಮಂಜಾಯ್ತು. ತಿಳಿಯಾಯ್ತು. ಅವಳು ಉಸಿರು ಹಿಡ್ಕೊಂಡು ಕಾದ್ಲು. ಮತ್ತೆ ಮಂಜಾಯ್ತು.