ರಟ್ಟಿನಂಥ ರೊಟ್ಟಿ

ಗೋಧಿ ನನ್ನ ಕರುಳಿಗೆ ವಿಷವೆಂದು ಡಾಕ್ಟರು ಹೇಳಿದ ಮೇಲೆ ನಮ್ಮ ಯೆಹೂದಿಗಳ ಪೆಸಾಖ್ ಹಬ್ಬ ಬಂತೆಂದರೆ ನನಗೆ ಸಿಟ್ಟು ಬರುತ್ತಿತ್ತು. ಹಬ್ಬದ ಮೊದಲ ಊಟದಲ್ಲಿ ಹುಳಿ ಬರಿಸದ ರೊಟ್ಟಿ, ಅಂದರೆ ಮಟ್ಸಾ, ತಿನ್ನಲೇಬೇಕೆಂಬುದು ನಮ್ಮ ಕಟ್ಟಳೆ. ಅದನ್ನು ಸಾಮಾನ್ಯವಾಗಿ ಮಾಡುವುದು ಗೋಧಿಯಲ್ಲೇ. ಎಲ್ಲರೂ ಅಗಿಯುವಾಗ ನಾನು ಕೈಕಟ್ಟಿ ಕೂರುತ್ತಿದ್ದೆ.

"ಕಾಯಿಲೆಯವರಿಗೆ ವಿನಾಯಿತಿ ಇದೆಯಲ್ಲೇ ತಿರ್ಜಾ," ಎನ್ನುತ್ತಿದ್ದ ಗಂಡ ಎಲ್ಕಾನಾ.

"ವಿನಾಯಿತಿನ ನೀನೇ ಇಟ್ಕೋ. ನಂಗೆ ರೊಟ್ಟಿ ಬೇಕು."

ಈ ವರ್ಷ ಜೆರುಸಲೇಮಿನ ನಮ್ಮ ಬೀದಿಯ ಧರ್ಮಗುರು ರಬ್ಬಿ ಪಿನ್ಖಾಸರನ್ನು ಕೇಳಿಯೇಬಿಟ್ಟೆ. ಅವರು ಹಳೆಯ ಗ್ರಂಥಗಳನ್ನೂ ತಿರುವಿಹಾಕಿದರು, ನನ್ನ ಡಾಕ್ಟರಿಗೂ ಫೋನು ಮಾಡಿದರು. ಕೊನೆಗೆ ಒಂದು ಪೊಟ್ಟಣ ಹಿಡಿದು ಮನೆಗೇ ಬಂದರು.

"ಮಟ್ಸಾಕ್ಕೆ ಒಪ್ಪೋ ಐದು ಧಾನ್ಯದಲ್ಲಿ ಓಟ್ಸೂ ಒಂದಮ್ಮ. ಇದನ್ನ ಗೋಧಿ ಸೋಕದ ಹಾಗೆ ಸುಟ್ಟಿದಾರೆ. ನಿನ್ನ ಡಾಕ್ಟರೂ ಹೂಂ ಅಂದ್ರು. ನಾನೂ ತಿಂದು ನೋಡ್ದೆ."

"ಹೇಗಿದೆ ರಬ್ಬಿಗಳೇ?"

"ರಟ್ಟು ಅಗಿದ ಹಾಗಿದೆ. ಧರ್ಮಕ್ಕೆ ಅದೇನೂ ಅಡ್ಡಿಯಿಲ್ಲ."

ಹಬ್ಬದ ಊಟಕ್ಕೆ ಕೂತು, ದೇವರ ಸ್ತುತಿ ಹೇಳಿ, ಎಲ್ಲರೊಡನೆ ನಾನೂ ಕಚ್ಚಿದೆ. ರಟ್ಟೇ. ಮನಸ್ಸಿನಲ್ಲೇ ರಬ್ಬಿಗಳನ್ನು ಹರಸಿದೆ. ಉಳಿದವರೆಲ್ಲ ತಿಂದು ಮುಗಿಸಿದರೂ ನನ್ನದು ಮುಗಿಯಲಿಲ್ಲ. ಹಸಿದಿದ್ದ ಮೈದುನ ಮಟ್ಸಾ ಆದಮೇಲೆ ತಿನ್ನಬೇಕಾದ ಕಹಿಸೊಪ್ಪಿನ ತಟ್ಟೆಗೆ ಕೈಹಾಕಿದ. ಊಟ ಒಂದು ಗಳಿಗೆ ತಡವಾದರೂ ಸಿಡುಕುವ ಎಲ್ಕಾನಾ ಅವನ ಕೈ ಹಿಡಿದ.

"ತಡಿಯೋ. ನಿನ್ನತ್ತಿಗೆ ಇನ್ನೂ ತಿಂತಿದಾಳೆ."

ನಾನು ಬೇಕೆಂದೇ ನಿಧಾನವಾಗಿ ಅಗಿದೆ.